ಆರನೆಯ ಭಂಗಿ

ದೆಬ್ರೋ ಮನೆಯವರಿಗೆ ನೆಟ್ಟಗಿರುವುದೆಂದರೆ ಆಗಿಬರುವುದಿಲ್ಲ ಎಂದು ನಮ್ಮ ಲೋಕ್ಲ್ ಊರಿನಲ್ಲಿ ಹಿಂದಿನಿಂದಲೂ ಆಡಿಕೊಳ್ಳುತ್ತಾರೆ. ಅದಕ್ಕೆ ಕಾರಣ ಅಜ್ಜ ಆಮಿ ದೆಬ್ರೋ. ಬೆಟ್ಟದ ಮೇಲಿನ ಈ ಊರಿನ ಕಿಟಕಿ ಕಿಟಕಿಯಲ್ಲೂ ಜನ ಕೂತು ದುಂಡನೆಯ ಗಡಿಯಾರ ಮಾಡುತ್ತಿದ್ದ ಕಾಲದಲ್ಲಿ ಆ ಪುಣ್ಯಾತ್ಮ ಮೂತಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡ ಗಡಿಯಾರವೊಂದನ್ನು ಮಾಡಿದ. ಹಿಮದಲ್ಲಿ ಜಾರುಬಂಡಿ ಓಡಿಸುವವರು ಲಗಾಮು ಬಿಡದೆ ಹೊತ್ತು ನೋಡಿಕೊಳ್ಳಲಿ ಎಂದು ಅವನ ಲೆಕ್ಕ. ಜಾರುಬಂಡಿಯವರು ಒಬ್ಬರೂ ಕೊಳ್ಳಲಿಲ್ಲ. ಕುದುರೆಗೆ ಹಸಿವಾದಾಗ ಊಟದ ಹೊತ್ತಾಯಿತೆಂದು ಅವರಿಗೆ ತಿಳಿಯುತ್ತಿತ್ತು. ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಆಮೇಲೆ ಪ್ಯಾರಿಸಿನಲ್ಲಿ ಮೋಟಾರು ಓಡಿಸುವ ಶ್ರೀಮಂತರು ಅದನ್ನು ಕಂಡು ಮರುಳಾಗಿ, ಕೇಳಿದ ಬೆಲೆ ಕೊಟ್ಟು ಒಯ್ದರು. ಆಗಲಾದರೂ ಊರು ನಗುವುದನ್ನು ನಿಲ್ಲಿಸಿತೇ? ಎಲ್ಲಿ ಬಂತು! ಇನ್ನೂ ಜೋರಾಗಿ ನಕ್ಕಿತು, ಈ ಸಲ ಹೊಟ್ಟೆಕಿಚ್ಚಿಗೆ.

ಆ ನಗುವಿನ ನಡುವೆ ಬೆಳೆದವನು ಆಮಿಯ ಮಗ ನ್ಯೂಮಾ. ಅಪ್ಪನ ಬೆನ್ನ ಹಿಂದೆ ಜನ ಕಿಸಕ್ಕೆನ್ನುವುದನ್ನು ಕೇಳಿ ಕೇಳಿ ಅವನ ಮನಸ್ಸು ಕಹಿಯಾಗಿಬಿಟ್ಟಿತ್ತು. ಕಾರ್ಖಾನೆ ಕೈಗೆ ಬಂದದ್ದೇ ತಡ, ಮೂಲೆ ಇರುವುದು, ಮೂತಿ ತಿರುಗಿರುವುದು ಎಲ್ಲವನ್ನೂ ಅಟ್ಟಕ್ಕೆ ಹಾಕಿಸಿ, ಇನ್ನು ಮೇಲೆ ಈ ಮನೆಯಲ್ಲಿ ದುಂಡನೆಯದು ಬಿಟ್ಟರೆ ಬೇರೆ ಮಾಡುವುದಿಲ್ಲ ಎಂದ. ಅವನ ಕೈಯ ಕಸುಬು ಗಡಿಯಾರಕ್ಕೆ ನಡೆ ಕಲಿಸುವುದು. ಒಳಗೆ ಅತ್ತಿತ್ತ ಆಡುವ ತೂಗುಚಕ್ರವನ್ನು, ಅದಕ್ಕೆ ಸುತ್ತಿರುವ ಕೂದಲೆಳೆಯಂಥ ಸ್ಪ್ರಿಂಗನ್ನು ತಿದ್ದಿ ತೀಡಿ, ಹೇಗಿಟ್ಟರೂ ಹೊತ್ತು ತಪ್ಪದಂತೆ ಮಾಡುವುದು. ಅದರಲ್ಲಿ ಅವನನ್ನು ಮೀರಿಸಿದವರಿಲ್ಲ. ಗಡಿಯಾರಗಳ ನಿಖರತೆ ಅಳೆಯಲು ನ್ಯೂಶಾಟೆಲ್ ವೀಕ್ಷಣಾಲಯ ನಡೆಸುವ ಸ್ಪರ್ಧೆಯಲ್ಲಿ ಗೆದ್ದ ಬಹುಮಾನದ ಹಾಳೆಗಳು ಕಾರ್ಖಾನೆಯ ಗೋಡೆ ತುಂಬಾ ಇದ್ದವು. ಅಂಗಡಿಯವರು ಗಡಿಯಾರದ ಮುಖ ಕೂಡ ನೋಡದೆ, ನ್ಯೂಮಾ ದೆಬ್ರೋ ಕೈ ಬಿದ್ದಿದೆಯೇ ಎಂದಷ್ಟೇ ಕೇಳಿ ಕೊಳ್ಳುತ್ತಿದ್ದರು.

ಅಷ್ಟರಲ್ಲಿ ಬ್ಯಾಟರಿ ವಾಚು ಬಂತು. ತರಕಾರಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ವಾಚು ನ್ಯೂಮಾನ ವಾಚಿಗಿಂತ ಸರಿಯಾದ ಹೊತ್ತು ತೋರಿಸತೊಡಗಿತು. ಸಾವಿರದ ಒಂಬೈನೂರ ಎಪ್ಪತ್ತೇಳರ ಹೊತ್ತಿಗೆ ಊರಿನ ಅರ್ಧ ಕಿಟಕಿಗಳ ದೀಪ ಆರಿತ್ತು. ಬರೀ ಹೊತ್ತು ಸರಿಯಾಗಿದೆ ಎಂದು ದುಬಾರಿ ಗಡಿಯಾರ ಕೊಳ್ಳುವವರು ಇನ್ನಿಲ್ಲ ಎಂಬುದು ನ್ಯೂಮಾನ ಮಗಳು ಎಡ್ಮೆಗೆ ಅರ್ಥವಾಗಿತ್ತು. ಜಿನೀವಾದಲ್ಲಿ ಗಡಿಯಾರದ ಕವಚ ಮಾಡುವುದನ್ನು ಕಲಿತು ಬಂದಿದ್ದ ಆಕೆ ಒಂದು ಹೊಸ ಕೈಗಡಿಯಾರದ ಚಿತ್ರ ಬರೆದಳು. ಒಂದು ಹೆಗಲು ಮೇಲೆ, ಒಂದು ಹೆಗಲು ಕೆಳಗೆ, ಒಂದೇ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು ನಡೆಯುವ ಹೆಂಗಸಿನ ಹಾಗೆ. ಮಣಿಕಟ್ಟಿನ ಮೇಲೆ ಜಾರಿ ತಿರುಗದಿರಲಿ ಎಂದು ಆರರ ಅಂಕಿಯ ಕೆಳಗೆ ದಪ್ಪನೆಯ ಹಿಮ್ಮಡಿಯಂಥದ್ದೊಂದು. ಊರಿನವರು ನೋಡಿದ್ದೇ ಅದಕ್ಕೆ ‘ಸೊಟ್ಟಿ’ ಎಂದು ಹೆಸರಿಟ್ಟರು. ಅಜ್ಜ ಇದ್ದಿದ್ದರೆ ಕುಣಿದಾಡುತ್ತಿದ್ದ.

ನ್ಯೂಮಾ ಕುಣಿಯಲಿಲ್ಲ. ಚಿತ್ರವನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿದ.

"ಒಳಗಿನ ಯಂತ್ರ ನಂಗೆ ಕೊಡು, ತಿದ್ದಿ ಕೊಡ್ತೀನಿ. ಹೊರಗಿನ ವೇಷ ನಿಂದು. ಅದನ್ನ ನನ್ನ ಮೇಜಿನ ಮೇಲೆ ತರ್ಬೇಡ," ಎಂದ.

"ಒಂದ್ಸಲ ಕೈಯಲ್ಲಿ ಹಿಡಿದು ನೋಡು ಪಪ್ಪಾ. ಕಚ್ಚಲ್ಲ."

"ನೋಡೋದಿದ್ರೆ ನಮ್ಮಪ್ಪ ಮಾಡಿದ್ದನ್ನೇ ನೋಡ್ತಿದ್ದೆ ಕಣೆ."

ಅಲ್ಲಿಗೆ ಮಾತು ಮುಗಿಯಿತು. ಎರಡು ವರ್ಷ ಹಾಗೇ ನಡೆಯಿತು. ಯಂತ್ರಗಳು ಬರಿಮೈಯಲ್ಲಿ ನ್ಯೂಮಾನ ಮೇಜಿಗೆ ಹೋಗುತ್ತಿದ್ದವು, ಬರಿಮೈಯಲ್ಲೇ ವಾಪಸು ಬರುತ್ತಿದ್ದವು. ಕೋಣೆಯ ಆಚೆ ತುದಿಯಲ್ಲಿ ಎಡ್ಮೆ ಮತ್ತು ಹಳೆಯ ಕೆಲಸಗಾರ ವಿಲ್ಲಿ ಅವನ್ನು ಸೊಟ್ಟ ಕವಚದೊಳಗೆ ಕೂರಿಸುತ್ತಿದ್ದರು. ಅಪ್ಪ ಮಗಳು ಒಂದೇ ಬಾಣಲೆಯ ಫೊಂಡ್ಯೂಗೆ, ಕರಗಿಸಿದ ಚೀಸಿಗೆ, ರೊಟ್ಟಿ ಅದ್ದಿ ತಿನ್ನುತ್ತಿದ್ದರು, ಬೆಲೆ ಏರಿದ್ದು, ಹಿಮ ಬಿದ್ದದ್ದು ಎಲ್ಲ ಮಾತಾಡುತ್ತಿದ್ದರು, ಸೊಟ್ಟಿಯ ಸುದ್ದಿಯೊಂದನ್ನು ಬಿಟ್ಟು. ಜಿನೀವಾದ ದೊಡ್ಡ ವ್ಯಾಪಾರಿ ಲಾಶೆನಾಲ್ ಮಾತ್ರ ಸೊಟ್ಟಿಯನ್ನು ಕಂಡ ಕೂಡಲೇ ಒಪ್ಪಿ, ತನ್ನ ಅಂಗಡಿಗೆ ತರಿಸಿಕೊಂಡ. ಒಂದೊಂದಾಗಿ ಮಾರಾಟವೂ ಆಯಿತು. ಎಡ್ಮೆ ಮೊದಲ ಸಲ ನೆಮ್ಮದಿಯಾಗಿ ಉಸಿರಾಡಿದಳು.

ಆಮೇಲೆ ವಾಪಸು ಬರತೊಡಗಿದವು.

"ಚೆಂದ ಇಲ್ಲ ಅಂತ ಯಾರೂ ಅಂತಿಲ್ಲ ಮದ್ಮಾಜೆಲ್," ಎಂದ ಲಾಶೆನಾಲ್ ಫೋನಿನಲ್ಲಿ. "ಎಲ್ಲರಿಗೂ ಇಷ್ಟ. ಆದ್ರೆ ಹಿಂದೆ ಬೀಳ್ತಿದೆ. ವಾರ ಕಳೆಯೋದ್ರೊಳಗೆ ಎರಡು ನಿಮಿಷ, ಮೂರು ನಿಮಿಷ. ಅಷ್ಟು ದುಡ್ಡು ಸುರಿದೋರು ರೈಲು ತಪ್ಪಿಸ್ಕೊಂಡು ಬಂದು ನನ್ನ ಮುಖಕ್ಕೆ ಉಗೀತಾರೆ. ಬಾಸೆಲ್ ಗಡಿಯಾರ ಮೇಳ ಬರೋದ್ರೊಳಗೆ ಇದನ್ನ ಸರಿ ಮಾಡಿ. ಆಗಲ್ಲ ಅಂದ್ರೆ ಅಷ್ಟೂ ವಾಚು ನಿಮ್ಮ ಬಾಗಿಲಿಗೆ ಕಳಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಅಷ್ಟೂ ವಾಪಸು ಬಂದರೆ ಕಾರ್ಖಾನೆಗೆ ಬೀಗ. ಅದು ಎಲ್ಲರಿಗೂ ಗೊತ್ತಿತ್ತು. ವಿಲ್ಲಿಯ ವಯಸ್ಸಿನವನನ್ನು ಇನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ಎಡ್ಮೆಗಂತೂ ಅದಕ್ಕಿಂತ ದೊಡ್ಡ ಭಯ ಒಂದಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ತಪ್ಪು ಇರುವುದು ತನ್ನ ಕವಚದಲ್ಲೇ ಆಗಿದ್ದರೆ? ಅಪ್ಪ ಅಂದುಕೊಂಡಿದ್ದೇ ಸರಿ, ಸೊಟ್ಟದ್ದು ಸೊಟ್ಟಗೇ ನಡೆಯುತ್ತದೆ ಎಂದಾಗಿಬಿಟ್ಟರೆ?

ವಾಪಸು ಬಂದ ಒಂದೊಂದನ್ನೂ ನ್ಯೂಮಾ ಪರೀಕ್ಷಿಸಿದ. ಈ ಮನೆಯ ಪದ್ಧತಿ, ಈ ಊರಿನ ಎಲ್ಲರ ಪದ್ಧತಿ, ಐದು ಭಂಗಿ. ಮುಖ ಮೇಲೆ ಮಾಡಿ ಒಂದು ದಿನ, ಮುಖ ಕೆಳಗೆ ಮಾಡಿ ಒಂದು ದಿನ, ಆಮೇಲೆ ಮೂರು ಮಗ್ಗುಲಿಗೆ ನಿಲ್ಲಿಸಿ ಒಂದೊಂದು ದಿನ. ಐದರಲ್ಲೂ ಗಡಿಯಾರ ಚಾಚೂ ತಪ್ಪಲಿಲ್ಲ.

"ನನ್ನ ಕಡೆಯಿಂದ ಏನೂ ಇಲ್ಲ," ಎಂದು ಮಸೂರವನ್ನು ಹಣೆಗೇರಿಸಿಕೊಂಡ. "ಇದು ವೀಕ್ಷಣಾಲಯಕ್ಕೆ ಕಳಿಸೋ ಥರ ನಡೀತಿದೆ. ನಿನ್ನ ಡಬ್ಬಿ ಒಳಗೆ ಹೋದ್ಮೇಲೆ ಕೆಟ್ರೆ ನಾನೇನು ಮಾಡ್ಲಿ?"

"ಡಬ್ಬಿ ಒಳಗಿಟ್ಟೂ ನೋಡಿದೀವಿ ಯಜಮಾನ್ರೇ," ಎಂದ ವಿಲ್ಲಿ. "ಅಲ್ಲೂ ಸರಿಯಾಗೇ ಓಡ್ತು. ಇಲ್ಲಿ ದೇವರಂಥಾ ವಾಚು, ಗಿರಾಕಿ ಮನೆಗೆ ಹೋದ್ರೆ ಸೋಮಾರಿ. ನಮ್ಮ ಸೋದರಳಿಯನ ಥರ."

ಯಾರಿಗೂ ನಗು ಬರಲಿಲ್ಲ. ಎಡ್ಮೆ ಎದ್ದು ಕೋಟು ತೊಟ್ಟುಕೊಂಡಳು. ಇಲ್ಲಿ ಸರಿ, ಅಲ್ಲಿ ತಪ್ಪು ಎಂದಮೇಲೆ ‘ಅಲ್ಲಿ’ಗೇ ಹೋಗಿ ನೋಡಬೇಕು. ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡಿದ್ದ ಗಿರಾಕಿ ನ್ಯೂಶಾಟೆಲಿನ ಮದಾಮ್ ರಾಮ್ಸೈಯರ್. ಎರಡು ಸಲ ತಿದ್ದಿ ಕೊಟ್ಟರೂ ಆಕೆಯ ವಾಚು ಹಿಂದೆಬೀಳುವುದು ಬಿಟ್ಟಿರಲಿಲ್ಲ.

ಬೆಟ್ಟದಿಂದ ಇಳಿಯುವ ರೈಲು ಶಾಂಬ್ರೆಲಿಯಾನಿನಲ್ಲಿ ನಿಂತು, ಬಂದ ಮುಖವನ್ನೇ ಹಿಂದು ಮಾಡಿಕೊಂಡು ಹೊರಡುತ್ತದೆ. ಗೊತ್ತಿದ್ದವರು ಎದ್ದು ಎದುರು ಸೀಟಿಗೆ ಹೋಗುತ್ತಾರೆ. ಎಡ್ಮೆಗೆ ಏಳುವ ಮನಸ್ಸೂ ಆಗಲಿಲ್ಲ. ಬೆನ್ನು ಮುಂದು ಮಾಡಿಕೊಂಡೇ ಕೆಳಗಿನ ಮಂಜಿನೊಳಗೆ ಇಳಿದಳು. ಮೇಲೆ ನಮ್ಮಲ್ಲಿ ಕಣ್ಣು ಕುಕ್ಕುವ ಬಿಸಿಲು, ಕೆಳಗೆ ಸರೋವರದ ದಂಡೆಯಲ್ಲಿ ಎದುರಿನ ಮನೆ ಕಾಣದಂಥ ಮಂಜು. ಚಳಿಗಾಲವಿಡೀ ಅದರೊಳಗೆ ಬದುಕುವವರಿಗೆ ಸಿಟ್ಟು ಬರುವುದು ಸಹಜ ಎಂದುಕೊಂಡಳು.

ಮದಾಮ್ ರಾಮ್ಸೈಯರ್ ಪಿಯಾನೋ ಕಲಿಸುವ ಮುದುಕಿ. ಗಂಡ ಸತ್ತಮೇಲೆ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ ಆ ವಾಚು. ಬಾಗಿಲಲ್ಲೇ ಜಗಳ ತೆಗೆಯುತ್ತಾಳೇನೋ ಎಂದು ಎಡ್ಮೆ ಹೆದರಿದ್ದಳು. ಆಕೆ ಕೋಟು ಬಿಚ್ಚಿಸಿ, ಒಣದ್ರಾಕ್ಷಿಯ ತಾಯ್ಯೋಲ್ ಬ್ರೆಡ್ಡು ಕೊಯ್ದು, ಕಾಫಿ ಬಗ್ಗಿಸಿದಳು. ಆಮೇಲೆ ಶುರು ಮಾಡಿದಳು.

"ಪಾಠಕ್ಕೆ ಬರೋ ಮಕ್ಕಳು ಲೇಟಾಗಿ ಬಂದ್ರೆ ಬೈತಿದ್ದೆ ನಾನು. ಈಗ ನಂದೇ ಲೇಟು. ಮೊನ್ನೆ ಒಂದು ಚೋಟುದ್ದದ ಹುಡುಗಿ ನಂಗೇ ಟೈಮ್ ಹೇಳ್ತಾಳೆ, ಪ್ಲಾಸ್ಟಿಕ್ ವಾಚು ಕಟ್ಕೊಂಡು! ಮಾನ ಹೋಯ್ತಮ್ಮ ನಂದು."

"ನೀರಿಗೆ ತಾಗಿಸ್ತೀರಾ? ಹೀಟರ್ ಹತ್ರ ಇಡ್ತೀರಾ? ಕೀ ಕೊಡೋದು ಮರೆಯಲ್ಲ ತಾನೇ?"

"ನನ್ನನ್ನೇನು ದಡ್ಡಿ ಅಂದ್ಕೊಂಡ್ಯಾ? ಮಗುವಿನ ಥರ ನೋಡ್ಕೋತೀನಿ. ಇವತ್ತು ಪಾಠ ಇಲ್ಲ ಅಂತ ಕಟ್ಟಿಲ್ಲ ಅಷ್ಟೆ. ನೋಡು ಅಲ್ಲಿ, ಎಷ್ಟು ಚೆನ್ನಾಗಿ ನಿಲ್ಲಿಸಿದೀನಿ."

ಎಡ್ಮೆ ತಿರುಗಿ ನೋಡಿದಳು. ಪಿಯಾನೋ ಮೇಲೆ, ಗಂಡನ ಪಟದ ಪಕ್ಕದಲ್ಲಿ, ಸೊಟ್ಟಿ ತನ್ನ ಹಿಮ್ಮಡಿಯ ಮೇಲೆ ನಿಂತಿತ್ತು. ಬಕಲ್ ಹಾಕಿದ ಪಟ್ಟಿ ಹಿಂದಿನಿಂದ ಆನಿಕೆ ಕೊಟ್ಟಿತ್ತು. ಹನ್ನೆರಡು ಮೇಲೆ, ಆರು ಕೆಳಗೆ, ಗೋಡೆಯ ಗಡಿಯಾರದ ಗತ್ತಿನಲ್ಲಿ ಕೋಣೆಯನ್ನೇ ನೋಡುತ್ತಿತ್ತು.

ಎಡ್ಮೆ ಕಾಫಿ ಬಟ್ಟಲನ್ನು ಕೆಳಗಿಟ್ಟಳು.

"ಯಾವಾಗ್ಲೂ ಹೀಗೇ ಇಡ್ತೀರಾ?"

"ಮತ್ತೆ? ರಾತ್ರಿಯೆಲ್ಲಾ ಹೀಗೇ. ಪೇಟೆಯಲ್ಲಿ ಇನ್ನಿಬ್ರು ತಗೊಂಡಿದಾರಲ್ಲ, ಅವರ ಮನೇಲೂ ಹೀಗೇ ನಿಲ್ಸಿರ್ತಾರೆ. ನಿಲ್ಲೋಕೆ ಅಂತ್ಲೇ ತಾನೇ ಆ ಹಿಮ್ಮಡಿ ಮಾಡಿರೋದು? ಯಾರು ಮಾಡಿದ್ರೋ, ಅವರ ಕೈಗೆ ಮುತ್ತು ಕೊಡ್ಬೇಕು ಅನ್ಸುತ್ತೆ."

ಮಾಡಿದವಳು ಎದ್ದು ಹೋಗಿ ಸೊಟ್ಟಿಯ ಎದುರು ಬಗ್ಗಿ ನೋಡಿದಳು. ಗಡಿಯಾರದವರ ಮನೆಯಲ್ಲಿ ಹುಟ್ಟಿದವರಿಗೆ ಗಡಿಯಾರವನ್ನು ಬೆನ್ನ ಮೇಲೆ ಮಲಗಿಸುವುದು ಉಸಿರಾಡಿದಷ್ಟೇ ಸಹಜ. ತಾನೇ ಬರೆದು, ತಾನೇ ಕಡೆದು ಮಾಡಿದ ಗಡಿಯಾರವನ್ನು ಎಡ್ಮೆ ಒಂದು ದಿನವಾದರೂ ಅದರ ಹಿಮ್ಮಡಿಯ ಮೇಲೆ ನಿಲ್ಲಿಸಿ ನೋಡಿರಲಿಲ್ಲ!

ಇದರಲ್ಲಿ ಅಷ್ಟೊಂದು ಗಾಬರಿಯಾಗುವುದೇನಿದೆ ಎನ್ನುತ್ತೀರಾ? ಇದೆ. ಎಷ್ಟೇ ತಿದ್ದಿದರೂ ತೂಗುಚಕ್ರದಲ್ಲಿ ಕೂದಲೆಳೆಯಷ್ಟು ಭಾರ ಒಂದು ಕಡೆ ಹೆಚ್ಚು ಉಳಿದೇ ಉಳಿಯುತ್ತದೆ, ಯಾವುದೋ ಒಂದು ಭಂಗಿಯಲ್ಲಿ ನಡೆಯನ್ನು ನಿಧಾನ ಮಾಡುತ್ತದೆ. ಅದನ್ನು ತೆಗೆಯಲು ಬರುವುದಿಲ್ಲ. ಎಲ್ಲಿ ಇರಬೇಕೆಂದು ಹೇಳಬಹುದು, ಅಷ್ಟೇ. ಅದಕ್ಕೇ ನಮ್ಮವರು ಆ ಉಳಿದ ಐಬನ್ನೆಲ್ಲ ಕೈಗಡಿಯಾರ ಎಂದೂ ತಳೆಯದ ಭಂಗಿಯೊಂದಕ್ಕೆ ತಳ್ಳಿಬಿಡುತ್ತಾರೆ. ಅದು ಆರನೆಯ ಭಂಗಿ, ಹನ್ನೆರಡು ಮೇಲೆ ಮಾಡಿ ನೆಟ್ಟಗೆ ನಿಲ್ಲುವುದು. ಮೈಮೇಲಿದ್ದಾಗ ಕೈ ಆ ಕಡೆಗೆ ಹೋಗುವುದಿಲ್ಲ, ಬಿಚ್ಚಿಟ್ಟರೆ ಗಡಿಯಾರ ಮಲಗುತ್ತದೆ, ಇನ್ನು ಅಲ್ಲಿ ಎಷ್ಟು ಕುಂಟಿದರೆ ಯಾರಿಗೇನು? ಹಾಗಾಗಿ ಆ ಭಂಗಿಯನ್ನು ಯಾರೂ ಪರೀಕ್ಷಿಸುವುದೇ ಇಲ್ಲ. ಈ ಬಚ್ಚಿಡುವ ಕೈಚಳಕದಲ್ಲಿ ನ್ಯೂಮಾ ದೆಬ್ರೋ ಎಲ್ಲರಿಗೂ ಗುರು. ಅವನು ಬಚ್ಚಿಟ್ಟ ಜಾಗದಲ್ಲೇ ಮಗಳ ಗಡಿಯಾರ ರಾತ್ರಿಯಿಡೀ ನಿಂತಿರುತ್ತಿತ್ತು.

ವಾಪಸು ಬರುವ ರೈಲಿನಲ್ಲಿ ಎಡ್ಮೆಗೆ ಕುಣಿಯಬೇಕೆನಿಸಿತು. ಕವಚದ ತಪ್ಪಲ್ಲ. ತನ್ನ ತಪ್ಪೇ ಅಲ್ಲ ಎನ್ನುವಂತೆಯೂ ಇಲ್ಲ. ಆದರೆ ಇದನ್ನು ಅಪ್ಪನಿಗೆ ಹೇಳುವುದು ಹೇಗೆ? ಗೋಡೆಯ ತುಂಬಾ ಬಹುಮಾನ ತೂಗುಹಾಕಿಕೊಂಡ ಮನುಷ್ಯನಿಗೆ, ನಿನ್ನ ಅತಿ ಜಾಣ ಕೈಕೆಲಸವೇ ನಮ್ಮನ್ನು ಮುಳುಗಿಸುತ್ತಿದೆ ಎಂದು?

ಮಧ್ಯಾಹ್ನದ ಬಿಸಿಲು ಇನ್ನೂ ಕಾರ್ಖಾನೆಯ ಕಿಟಕಿಯಲ್ಲಿತ್ತು. ಎಡ್ಮೆ ಕೋಟು ಕೂಡ ಬಿಚ್ಚದೆ ನೇರ ಹೋಗಿ ಮದಾಮ್ ರಾಮ್ಸೈಯರಳಿಂದ ಕೇಳಿ ತಂದಿದ್ದ ವಾಚನ್ನು ಅಪ್ಪನ ಮೇಜಿನ ಮೇಲೆ, ಯಾವ ಮೇಜಿಗೆ ಅದನ್ನು ತರಬೇಡವೆಂದಿದ್ದನೋ ಅಲ್ಲೇ ನಿಲ್ಲಿಸಿದಳು.

"ಏನೇ ಇದು?"

"ನೋಡು ಪಪ್ಪಾ."

"ಗಡಿಯಾರ ಹೀಗಾ ಇಡೋದು? ಮಲಗ್ಸು."

"ಯಾರೂ ಮಲಗ್ಸಲ್ವಂತೆ. ಎಲ್ಲರ ಮನೇಲೂ ಹೀಗೇ ನಿಲ್ಸಿರ್ತಾರಂತೆ. ರಾತ್ರಿಯೆಲ್ಲಾ."

ನ್ಯೂಮಾ ಅದನ್ನು ಮಲಗಿಸಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿವಿಯವರೆಗೂ ಕೆಂಪೇರಿತು ಮುಖ. ವಿಲ್ಲಿ ತನ್ನ ಮೇಜಿನ ಮೇಲೆ ಬಗ್ಗಿ, ಇಲ್ಲದ ತಿರುಪನ್ನು ಹುಡುಕತೊಡಗಿದ.

"ಅದು ನಿಲ್ಲೋ ವಾಚು ಅಂತ ನಂಗೆ ಯಾರು ಹೇಳಿದ್ರು?" ಎಂದು ನ್ಯೂಮಾ ಗುಡುಗಿದ. "ಹೇಳ್ಬೇಕಲ್ವಾ?"

"ನಂಗೇ ಗೊತ್ತಿರ್ಲಿಲ್ಲ. ಅದಕ್ಕೆ ಕಾಲು ಕೊಟ್ಟೋಳೇ ನಾನು, ನಿಲ್ಲುತ್ತಾ ಅಂತ ನೋಡ್ಲಿಲ್ಲ. ನೀನು..." ಎಡ್ಮೆ ವಾಚನ್ನು ಅವನ ಕಡೆಗೆ ಸರಿಸಿದಳು, ಹೇಳಿಯೇಬಿಟ್ಟಳು. "ನೀನು ಎರಡು ವರ್ಷದಲ್ಲಿ ಒಂದ್ಸಲ ಕೈಗೆ ತಗೊಂಡಿದ್ರೆ, ನಾನು ನೋಡದೇ ಇದ್ದಿದ್ದು ನಿಂಗೆ ಕಾಣ್ತಿತ್ತು ಪಪ್ಪಾ. ನಂಗಿಂತ ಮೊದ್ಲು ನಿಂಗೆ ಕಾಣ್ತಿತ್ತು."

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ನ್ಯೂಮಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಹೊರಗೆ ಯಾರೋ ಮನೆ ಮುಂದಿನ ಹಿಮ ಗೋರುತ್ತಿದ್ದರು. ಅವರು ಅರ್ಧ ಅಂಗಳ ಗೋರಿ ಮುಗಿಸುವವರೆಗೂ ಅವನು ತಿರುಗಲಿಲ್ಲ. ಆಮೇಲೆ ಬಂದು ಕೂತು, ಮಸೂರ ಕಣ್ಣಿಗೆ ಸಿಕ್ಕಿಸಿಕೊಂಡು, ಸೊಟ್ಟಿಯನ್ನು ಕೈಗೆ ತೆಗೆದುಕೊಂಡ. ಏರಿದ ಹೆಗಲ ಮೇಲೆ ಹೆಬ್ಬೆರಳಾಡಿಸಿದ, ಇಳಿದ ಹೆಗಲ ಮೇಲೆ ಆಡಿಸಿದ, ಹಿಮ್ಮಡಿಯನ್ನು ಬೆಳಕಿಗೆ ಹಿಡಿದ.

"ಈ ಅಂಚನ್ನ ಯಾರು ಉಜ್ಜಿದ್ದು?"

"ನಾನೇ."

"ಹ್ಞೂಂ," ಎಂದ. ನ್ಯೂಮಾನ ‘ಹ್ಞೂಂ’ ಅಂದರೆ ಬೇರೆಯವರ ಬಾಯಲ್ಲಿ ಒಂದು ಭಾಷಣ ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು.

"ಈಗ ಆ ಐಬನ್ನ ಎಲ್ಲಿ ಬಚ್ಚಿಡೋದು?" ಎಂದಳು ಎಡ್ಮೆ, ಅಳು ಬರುವ ಮೊದಲೇ ಮಾತು ಬದಲಿಸಲು.

"ಅದನ್ನೇ ನೋಡ್ತಿದೀನಿ ಇರು. ಇದು ಮಲಗುತ್ತೆ, ಆಯ್ತು. ನಿಲ್ಲುತ್ತೆ, ಅದೂ ಆಯ್ತು. ಮಹಾರಾಣಿ ಇನ್ನೇನು ಮಾಡಲ್ಲ?" ಎಡಗೈಗೆ ಕಟ್ಟಿಕೊಂಡು ಕೈಯನ್ನು ಇಳಿಬಿಟ್ಟ, ಎದೆಗೆ ತಂದ, ಮೇಜಿನ ಮೇಲಿಟ್ಟ. ಕೊನೆಗೆ ನೆಟ್ಟಗೆ ತಲೆಯ ಮೇಲಕ್ಕೆ ಎತ್ತಿದ. ಕೀ ಕೊಡುವ ಗುಂಡಿ ಸೂರು ನೋಡಿತು. "ಇದು. ಕೈ ಮೇಲೆತ್ತಿ ನಿಲ್ಲೋರು ಯಾರು?"

"ಬ್ಯಾಂಕು ದೋಚೋಕೆ ಬಂದಾಗ ನಿಲ್ತಾರೆ ಯಜಮಾನ್ರೇ," ಎಂದ ವಿಲ್ಲಿ ತಿರುಪು ಹುಡುಕುವುದನ್ನು ಬಿಟ್ಟು. "ಆದ್ರೆ ಆವಾಗ ಟೈಮ್ ಎಷ್ಟು ಅಂತ ಯಾರೂ ನೋಡ್ಕೊಳ್ಳಲ್ಲ."

ನ್ಯೂಮಾ ಕೈ ಮೇಲೆತ್ತಿಕೊಂಡೇ ನಕ್ಕ. ಎರಡು ವರ್ಷದಿಂದ ಆ ಕೋಣೆಯಲ್ಲಿ ಕೇಳದಿದ್ದ ನಗು ಅದು. ಎಡ್ಮೆಗೆ ಅಳುವುದೋ ನಗುವುದೋ ತಿಳಿಯದೆ ಎರಡೂ ಒಟ್ಟಿಗೆ ಬಂದವು.

ಆಮೇಲಿನ ಕೆಲಸ ಎಂದರೆ ಕೆಲಸ. ವಾಪಸು ಬಂದಿದ್ದ ಎಲ್ಲ ಯಂತ್ರಗಳ ತೂಗುಚಕ್ರಗಳನ್ನೂ ನ್ಯೂಮಾ ಮತ್ತೆ ಬಿಚ್ಚಿದ. ಈ ಸಲ ಅವು ಬರಿಮೈಯಲ್ಲಿ ಬರಲಿಲ್ಲ. ಕವಚವೂ ಜೊತೆಗೇ ಬರಬೇಕೆಂದು ಹಟ ಹಿಡಿದ. ಒಂದೊಂದನ್ನೂ ಮಲಗಿಸಿ ನೋಡಿದ, ನಿಲ್ಲಿಸಿ ನೋಡಿದ, ಕಟ್ಟಿಕೊಂಡು ಬ್ರೆಡ್ಡು ತರಲು ಹೋದ. ದಾರಿಯಲ್ಲಿ ಜನ ಏನಂದರೋ, ಅವನೇನಂದನೋ, ಮನೆಗೆ ಬಂದು ಹೇಳಲಿಲ್ಲ. ಬಾಸೆಲ್ ಮೇಳ ಹತ್ತಿರ ಬರುವಷ್ಟರಲ್ಲಿ ಎಲ್ಲವೂ ಪೆಟ್ಟಿಗೆಯಲ್ಲಿ ಕೂತು ಜಿನೀವಾಕ್ಕೆ ಹೋದವು.

ಲಾಶೆನಾಲ್ ಅವನ್ನು ಅಂಗಡಿಯಲ್ಲಿಟ್ಟು ಕಾದು ನೋಡಿದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿದ. ಎಡ್ಮೆ ಎತ್ತಿದಳು.

"ನಡೀತಿದೆ ಮದ್ಮಾಜೆಲ್. ಒಂದೂ ಹಿಂದೆ ಬೀಳ್ತಿಲ್ಲ. ಆದ್ರೆ ನಂಗೊಂದು ಮಾತು ಖಚಿತ ಆಗ್ಬೇಕು. ಏನು ತಪ್ಪಾಗಿತ್ತು? ಗಿರಾಕಿಗಳು ಕೇಳ್ತಾರೆ, ಮೇಳದಲ್ಲಿ ನಾಲಕ್ಕು ಜನ ಕೇಳ್ತಾರೆ. ಆಕಾರಾನೇ ತಪ್ಪು, ಹೇಗೋ ತೇಪೆ ಹಾಕಿದೀವಿ ಅನ್ನೋದಾದ್ರೆ ನಾನಿದನ್ನ ಬಾಸೆಲ್‌ಗೆ ಒಯ್ಯಲ್ಲ. ಹಳೇ ದುಂಡನೇ ವಾಚು ಒಂದೆರಡು ಕೊಡಿ, ನಿಮ್ಮ ತಂದೆಯೋರ ಹೆಸರಿದೆ, ಹೇಗೋ ಮಾರ್ತೀನಿ."

ಎಡ್ಮೆ ತಿರುಗಿ ಅಪ್ಪನನ್ನು ನೋಡಿದಳು. ನಿಜ ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ. ಹೇಳದಿದ್ದರೆ ಸೊಟ್ಟಿ ಹೋಗುತ್ತದೆ. ಅವಳ ಮುಖ ನೋಡಿ ನ್ಯೂಮಾಗೆ ಏನರ್ಥವಾಯಿತೋ. ವ್ಯಾಪಾರಿಗಳ ಜೊತೆ ಫೋನಿನಲ್ಲಿ ಎಂದೂ ಮಾತಾಡದವನು ಎದ್ದು ಬಂದು ಫೋನ್ ಕಿತ್ತುಕೊಂಡ.

"ನಾನು ನ್ಯೂಮಾ. ಹೇಳಿ, ಏನು ಬೇಕು?"

ಆ ಕಡೆಯಿಂದ ಅದೇ ಪ್ರಶ್ನೆ ಬಂದಿರಬೇಕು. ನ್ಯೂಮಾ ಗೋಡೆಯ ಕಡೆ ನೋಡದೆ, ಮಗಳ ಕಡೆಯೂ ನೋಡದೆ, ಜೋರಾಗಿ, ಕಿವುಡರಿಗೆ ಹೇಳುವ ಹಾಗೆ ಹೇಳಿದ:

"ತಪ್ಪು ನಂದು. ವಾಚಿಂದಲ್ಲ. ಎಲ್ಲಾ ವಾಚೂ ಮಲಗುತ್ತೆ ಅಂದ್ಕೊಂಡು ನಾನು ತಿದ್ದಿದೆ. ನನ್ನ ಮಗಳು ಮಾಡಿದ್ದು ನಿಲ್ಲುತ್ತೆ. ನಾನು ಅದರ ಮುಖ ನೋಡದೇ ಕೆಲಸ ಮಾಡ್ದೆ... ಹೌದು, ನಾನೇ, ನ್ಯೂಮಾ ದೆಬ್ರೋನೇ. ಮೇಳದಲ್ಲಿ ಯಾರು ಕೇಳಿದ್ರೂ ಹಾಗೇ ಹೇಳಿ. ಆಕಾರದಲ್ಲಿ ಒಂದು ಚೂರೂ ತಪ್ಪಿಲ್ಲ. ನಂಗಿದು ತಿಳಿಯೋಕೆ ಎರಡು ವರ್ಷ ಬೇಕಾಯ್ತು, ನಿಮ್ಮ ಗಿರಾಕಿಗಳಿಗೆ ನೋಡಿದ ಕೂಡ್ಲೇ ತಿಳೀತು."

ನ್ಯೂಮಾ ಸುಮಾರು ಹೊತ್ತು ಕೇಳಿಸಿಕೊಂಡ, ಎರಡು ಸಲ ಹ್ಞೂಂಗುಟ್ಟಿದ, ಆಮೇಲೆ ಫೋನ್ ಇಟ್ಟ.

"ಏನಂದ್ರು?"

"ಅಂಗಡಿ ಕಿಟಕಿಯಲ್ಲಿ ಎಲ್ಲಾ ವಾಚೂ ಮಲಗಿದಾವಂತೆ, ಇದನ್ನ ನಿಲ್ಲಿಸ್ತಾನಂತೆ. ಬಾಸೆಲ್‌ನಲ್ಲೂ ಹಾಗೇ. ಇನ್ನಷ್ಟು ಕಳಿಸಿ ಅಂತಿದಾನೆ." ಅಲ್ಲಿಗೆ ಮಾತು ಮುಗಿಯಿತೆಂಬಂತೆ ತನ್ನ ಜಾಗಕ್ಕೆ ನಡೆದ. ವಿಲ್ಲಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. "ಏನಯ್ಯಾ, ನಾಟಕ ನೋಡ್ತಿದೀಯಾ? ಇನ್ನಷ್ಟು ಅಂದ್ರೆ ಯಾರು ಮಾಡ್ತಾರೆ, ನಿನ್ನ ಸೋದರಳಿಯನಾ?"

ವಿಲ್ಲಿ ಗಡಬಡಿಸಿ ಚಿಮುಟ ಕೈಗೆತ್ತಿಕೊಂಡ. ಎಡ್ಮೆಯೂ ಕೂತು ಮಸೂರವನ್ನು ಕಣ್ಣಿಗಿಟ್ಟುಕೊಂಡಳು. ಏನೂ ಕಾಣಲಿಲ್ಲ, ಗಾಜೆಲ್ಲ ಒದ್ದೆ. ತೆಗೆದು ಅಂಗಿಯ ತುದಿಯಿಂದ ಒರೆಸಿದಳು, ಮತ್ತೆ ಒದ್ದೆಯಾಯಿತು, ಮತ್ತೆ ಒರೆಸಿದಳು. ಮೂರನೆಯ ಸಲ ಮುಂದಿನ ಯಂತ್ರವನ್ನು ತಟ್ಟೆಯಲ್ಲಿಟ್ಟು, ಅದರ ಪಕ್ಕ ಅದರ ಕವಚವನ್ನೂ ಇಟ್ಟು, ಎರಡನ್ನೂ ಅಪ್ಪನ ಮೇಜಿಗೆ ಒಯ್ದಳು.